ಮಳೆಯ ಲೆಕ್ಕವೂ ತೊಗರಿ ಬಿತ್ತನೆಯ ಸಲಹೆಯೂ

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಎರೆಭೂಮಿಯಲ್ಲಿ ತೊಗರಿಯು ಮುಖ್ಯವಾದ ಫಸಲು. ಮೃಗಶಿರಾ ಮಳೆಯ ಮೊದಲ ಹದಕ್ಕೇ ಕೂರಿಗೆ ಹೂಡಬೇಕೋ, ಆರಿದ್ರಾ ಮಳೆಯವರೆಗೆ ಕಾಯಬೇಕೋ ಎಂಬ ಪ್ರಶ್ನೆಯು ಅಲ್ಲಿ ವರ್ಷವರ್ಷವೂ ಏಳುವುದುಂಟು. ಬಿತ್ತಿದ ಮೇಲೆ ಹದಿನೈದು ದಿವಸ ಮೋಡ ಮರೆಯಾದರೆ ಬೀಜವೂ ಗೊಬ್ಬರವೂ ಕೂಲಿಯೂ ಮಣ್ಣುಪಾಲಾಗುವುವು. ಬಹಳ ತಡಮಾಡಿದರೆ ಕಾಯಿ ಕಟ್ಟುವ ಕಾಲಕ್ಕೆ ನೆಲದ ತೇವ ಆರಿಹೋಗುವುದು. ಈ ನಿರ್ಣಯಕ್ಕೆ ಯಂತ್ರಕಲಿಕೆಯೆಂಬ ಲೆಕ್ಕದ ಕ್ರಮವೊಂದು ಈಗ ನೆರವಾಗುತ್ತಿರುವುದರಿಂದ, ಅದರ ಬಲವನ್ನೂ ಮಿತಿಯನ್ನೂ ಗ್ರಾಮದ ಮುಖಂಡರೂ ಜಮೀನುದಾರರೂ ಅರಿತಿರುವುದು ಅವಶ್ಯಕವಾಗಿದೆ.

ಅನುಭವಿಯಾದ ಒಕ್ಕಲಿಗನು ಹಿಂದಿನ ವರ್ಷಗಳನ್ನು ನೆನೆದು ಈ ವರ್ಷವನ್ನು ಅಳೆಯುವಂತೆಯೇ ಗಣಕಯಂತ್ರವೂ ಮಾಡುವುದು. ಯಾವ ಊರಿನಲ್ಲಿ, ಯಾವ ದಿವಸ, ಎಷ್ಟು ಮಳೆ ಬಿತ್ತು, ಆಮೇಲೆ ಬೆಳೆ ಏನಾಯಿತು ಎಂಬ ಹಳೆಯ ದಾಖಲೆಗಳಿಂದ ಅದು ಸಂಬಂಧಗಳನ್ನು ಕಲಿಯುವುದು. ಇಲ್ಲಿ ಸ್ಥಳ ಕಾಲಗಳೆರಡೂ ಹೆಣೆದುಕೊಂಡಿವೆ. ಮಹಾರಾಷ್ಟ್ರದ ಉಜನಿ ಜಲಾಶಯದಿಂದ ಬಿಟ್ಟ ನೀರು ಭೀಮಾ ನದಿಯಲ್ಲಿ ಮೊದಲು ಅಫಜಲಪುರದ ದಂಡೆಗೂ ತರುವಾಯ ಜೇವರ್ಗಿಯ ದಂಡೆಗೂ ಬರುವುದೆಂಬುದನ್ನು 2020ರ ಅಕ್ಟೋಬರಿನ ಪ್ರವಾಹವನ್ನು ಕಂಡವರಿಗೆ ವಿವರಿಸಬೇಕಾಗಿಲ್ಲ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿಗಳಲ್ಲಿ ನಿಲ್ಲಿಸಿರುವ ಮಳೆಮಾಪಕಗಳು 15 ನಿಮಿಷಕ್ಕೊಮ್ಮೆ ಅಳತೆ ತೆಗೆಯುತ್ತವೆ. ಇಷ್ಟು ರಾಶಿಯಾದ ಅಂಕಿಗಳನ್ನು ಅನೇಕ ಯಂತ್ರಗಳು ಪಾಲುಮಾಡಿಕೊಂಡು ಎಣಿಸುವುದೇ ಹಂಚಿದ ಗಣನೆ. ರಾಶಿ ಮಾಡುವಾಗ ಕಣವನ್ನು ಆಳುಗಳು ಹಂಚಿಕೊಳ್ಳುವಂತೆ ಇದೂ ಒಂದು ಏರ್ಪಾಡು. ಆದರೆ ಮೋಡಕ್ಕೆ ತಾಲ್ಲೂಕಿನ ಗಡಿ ಗೊತ್ತಿಲ್ಲವಾದಕಾರಣ, ಆಳಂದದ ಪಾಲನ್ನು ಎಣಿಸುವ ಯಂತ್ರವು ನೆರೆಯ ಪಾಲಿನವರನ್ನೂ ಕೇಳಿಕೊಳ್ಳಬೇಕಾಗುವುದು.

ಈ ಕ್ರಮದ ಪರೀಕ್ಷೆಯು 2016ರಲ್ಲಿ ಆಂಧ್ರಪ್ರದೇಶದ ಕರ್ನೂಲು ಜಿಲ್ಲೆಯ ದೇವನಕೊಂಡ ಮಂಡಲದಲ್ಲಿ ನಡೆಯಿತು. ಹೈದರಾಬಾದಿನ ಸಮೀಪದ ಇಕ್ರಿಸ್ಯಾಟ್ ಸಂಸ್ಥೆಯೂ ಮೈಕ್ರೋಸಾಫ್ಟ್ ಕಂಪೆನಿಯೂ ಕೂಡಿ, 1986ರಿಂದ 2015ರವರೆಗಿನ ಹವಾಮಾನವನ್ನು ಪರಿಶೀಲಿಸಿ, 175 ಮಂದಿ ಶೇಂಗಾ ಬೆಳೆಗಾರರಿಗೆ ತೆಲುಗಿನಲ್ಲಿ ಸಂದೇಶ ಕಳುಹಿಸಿದುವು. ವಾಡಿಕೆಯಂತೆ ಜೂನ್ ಆರಂಭದಲ್ಲಿ ಬಿತ್ತದೆ ಆ ತಿಂಗಳ ಕಡೆಯ ವಾರದವರೆಗೆ ತಾಳಬೇಕೆಂಬುದೇ ಮುಖ್ಯ ಸಲಹೆ. ಅದರಂತೆ ನಡೆದವರಿಗೆ ಹೆಕ್ಟೇರಿಗೆ ಸರಾಸರಿ ಶೇಕಡ 30ರಷ್ಟು ಹೆಚ್ಚು ಇಳುವರಿ ದೊರೆಯಿತೆಂದು ವರದಿಯಾಯಿತು. ಮರುವರ್ಷ ಈ ಕಾರ್ಯವು ಕರ್ನಾಟಕಕ್ಕೂ ವಿಸ್ತರಿಸಿತು. ಆದರೆ ಅಲ್ಲಿಯ ಶೇಂಗಾ ಬೇರೆ, ಇಲ್ಲಿಯ ತೊಗರಿ ಬೇರೆ. ಎರೆನೆಲವು ತೇವವನ್ನು ಹಿಡಿದಿಡುವ ರೀತಿಯೂ ಬೇರೆ. ಕರ್ನೂಲಿನ ತಾರೀಖನ್ನು ಜೇವರ್ಗಿಯಲ್ಲಿ ಅನುಸರಿಸುವುದು ಪಕ್ಕದ ಊರಿನವನ ಔಷಧವನ್ನು ಕೇಳದೆ ಕುಡಿದಂತೆ.

ಧಾರಣೆಯ ವಿಷಯದಲ್ಲಿಯೂ ಇಂಥ ಪ್ರಯತ್ನ ನಡೆದಿದೆ. 2015ರಲ್ಲಿ ಕ್ವಿಂಟಾಲಿಗೆ 10,000 ರೂಪಾಯಿ ಮೀರಿದ್ದ ತೊಗರಿಯ ಬೆಲೆಯು 2017ರಲ್ಲಿ ಬೆಂಬಲ ಬೆಲೆಯಾದ 5,050 ರೂಪಾಯಿಗಿಂತಲೂ ಕೆಳಗಿಳಿದ ನೋವು ಈ ಭಾಗದ ರೈತರಿಗೆ ಮರೆತಿಲ್ಲ. ಅದೇ ವರ್ಷದ ಅಕ್ಟೋಬರಿನಲ್ಲಿ ತೊಗರಿಯ ಬೆಲೆಯನ್ನು ಮುಂದಾಗಿ ಅಂದಾಜು ಮಾಡುವುದಕ್ಕೆ ರಾಜ್ಯ ಸರ್ಕಾರವು ಮೈಕ್ರೋಸಾಫ್ಟಿನೊಡನೆ ಒಪ್ಪಂದ ಮಾಡಿಕೊಂಡಿತು. ಇದರಲ್ಲೊಂದು ಸೂಕ್ಷ್ಮವುಂಟು: ಬೆಲೆ ಏರುವುದೆಂಬ ಒಂದೇ ಸಲಹೆಯನ್ನು ನಂಬಿ ಎಲ್ಲರೂ ತೊಗರಿಯನ್ನೇ ಬಿತ್ತಿದರೆ, ಆ ಸಲಹೆಯೇ ಸುಳ್ಳಾಗುವುದು.

ದಾಖಲೆಯಲ್ಲಿ ಇಲ್ಲದ್ದನ್ನು ಯಂತ್ರವು ಕಾಣಲಾರದು. 2022ರಲ್ಲಿ ನೆಟೆ ರೋಗವು ಈ ಜಿಲ್ಲೆಯ ತೊಗರಿಯನ್ನು ಒಣಗಿಸಿತು. ಮಳೆಯ ಅಂಕಿಗಳನ್ನು ಮಾತ್ರ ಕಲಿತ ಯಂತ್ರಕ್ಕೆ ಬೇರಿನ ರೋಗದ ಸುಳಿವು ಸಿಗುವುದೆಂತು? ತೊಗರಿಯೊಡನೆ ಹೆಸರೋ ಉದ್ದೋ ಬಿತ್ತಿದ ಹೊಲವನ್ನು ಬೆಳೆ ಸಮೀಕ್ಷೆಯಲ್ಲಿ ಒಂದೇ ಬೆಳೆಯೆಂದು ಬರೆಸಿದರೂ ಇಂಥದೇ ತಪ್ಪು ಒಳಸೇರುವುದು. ಆ ತಪ್ಪು ಸಲಹೆಯನ್ನು ಕೆಡಿಸುವುದಲ್ಲದೆ ವಿಮೆ ಪರಿಹಾರಗಳ ಕಾಲದಲ್ಲಿ ಹೊಲದವನಿಗೇ ಮುಳುವಾದೀತು. ಆದುದರಿಂದ ಮುಖಂಡರು ಸಮೀಕ್ಷೆಯ ವಿವರಗಳನ್ನು ಊರವರ ಮುಂದೆ ಓದಿಸಿ, ಆಕ್ಷೇಪಣೆಗಳಿದ್ದಲ್ಲಿ ಅವಧಿಯೊಳಗಾಗಿ ರೈತ ಸಂಪರ್ಕ ಕೇಂದ್ರಕ್ಕೆ ತಿಳಿಸತಕ್ಕದ್ದು. ಮಳೆಮಾಪಕದ ಸುತ್ತ ಬೆಳೆದ ಜಾಲಿಯನ್ನು ಕಡಿಸಿ, ಅದಕ್ಕೆ ದನ ಕಟ್ಟದಂತೆ ನೋಡಿಕೊಳ್ಳುವುದನ್ನು ರೋಹಿಣಿ ಮಳೆಗೆ ಮುಂಚೆಯೇ ಮುಗಿಸಿರಬೇಕು.