ಕಾರ್ಯವಿಶ್ಲೇಷಣೆಯೂ ಸನ್ನಿವೇಶನಿರೂಪಣೆಯೂ: ತ್ರೀ ಮೈಲ್ ಐಲೆಂಡ್ ದುರಂತದ ಒಂದು ಪರಿಶೀಲನೆ

ಯಂತ್ರವನ್ನು ರಚಿಸುವವನು ಅದರ ಅಂಗಾಂಗಗಳನ್ನು ಬಲ್ಲನು. ಅದನ್ನು ನಡೆಸುವವನಿಗಾದರೋ ತಾನು ಮುಂದೆ ಮಾಡಬೇಕಾದುದೇನೆಂಬ ತಿಳಿವು ಅವಶ್ಯ. ಈ ಎರಡರ ನಡುವಣ ಅಂತರವನ್ನು ಅರಿಯಲು ವಿನ್ಯಾಸಕಾರರು ಎರಡು ಸಾಧನಗಳನ್ನು ಬಳಸುತ್ತಾರೆ. ಒಂದು ಉದ್ದೇಶವನ್ನು ಹಂತಹಂತವಾಗಿ ಬಿಡಿಸಿ, ಪ್ರತಿಯೊಂದು ಹಂತದಲ್ಲಿಯೂ ಮನುಷ್ಯನು ನೋಡಬೇಕಾದುದು, ನಿರ್ಣಯಿಸಬೇಕಾದುದು, ಮಾಡಬೇಕಾದುದು ಯಾವುದೆಂದು ಗೊತ್ತುಪಡಿಸುವುದು ಕಾರ್ಯವಿಶ್ಲೇಷಣೆ. 1967ರಲ್ಲಿ ಜಾನ್ ಆನೆಟ್ ಮತ್ತು ಕೀತ್ ಡಂಕನ್ ಇದಕ್ಕೆ ಶ್ರೇಣೀಬದ್ಧವಾದ ರೂಪವನ್ನಿತ್ತರು. ನಿರ್ದಿಷ್ಟ ವ್ಯಕ್ತಿಯೊಬ್ಬನು ನಿರ್ದಿಷ್ಟ ಹೊತ್ತಿನಲ್ಲಿ, ನಿರ್ದಿಷ್ಟ ಒತ್ತಾಯಗಳ ನಡುವೆ ಹೇಗೆ ನಡೆದುಕೊಳ್ಳುವನೆಂಬುದನ್ನು ಕಥನರೂಪದಲ್ಲಿ ಬರೆದು ಪರೀಕ್ಷಿಸುವುದು ಸನ್ನಿವೇಶನಿರೂಪಣೆ.

ಇವುಗಳ ಪ್ರಯೋಜನವು ಒಂದು ಐತಿಹಾಸಿಕ ನಿದರ್ಶನದಿಂದ ಸ್ಪಷ್ಟವಾಗುತ್ತದೆ. 1979ನೆಯ ಮಾರ್ಚ್ 28ರಂದು ಬೆಳಗಿನ ಜಾವ, ಅಮೆರಿಕದ ಪೆನ್ಸಿಲ್ವೇನಿಯದಲ್ಲಿರುವ ತ್ರೀ ಮೈಲ್ ಐಲೆಂಡ್ ಅಣುವಿದ್ಯುತ್ ಕೇಂದ್ರದ ಎರಡನೆಯ ಘಟಕದಲ್ಲಿ ನೀರೂಡಿಸುವ ಪಂಪುಗಳು ನಿಂತುವು. ಏರಿದ ಒತ್ತಡವನ್ನು ತಗ್ಗಿಸಲು ಕವಾಟವೊಂದು ತೆರೆಯಿತು. ಒತ್ತಡವು ಇಳಿದ ಮೇಲೆ ಮುಚ್ಚಬೇಕಾಗಿದ್ದ ಅದು ತೆರೆದೇ ಉಳಿಯಿತು. ಆದರೆ ನಿಯಂತ್ರಣ ಕೊಠಡಿಯ ಸೂಚಕದೀಪವು ಆರಿತು. ಆ ದೀಪವು ತೋರುತ್ತಿದ್ದುದು ಕವಾಟಕ್ಕೆ ಹೋದ ವಿದ್ಯುದಾಜ್ಞೆಯನ್ನೇ ಹೊರತು ಕವಾಟದ ನಿಜಸ್ಥಿತಿಯನ್ನಲ್ಲ. ಕವಾಟವು ಮುಚ್ಚಿತೆಂದು ನಂಬಿದ ಸಿಬ್ಬಂದಿಯವರು, ಒತ್ತಡವನ್ನು ಕಾಯುವ ಪಾತ್ರೆಯಲ್ಲಿ ನೀರಿನ ಮಟ್ಟವು ಏರುತ್ತಿದ್ದುದನ್ನು ಕಂಡು, ನೀರು ಅತಿಯಾಯಿತೆಂದು ಬಗೆದು, ತುರ್ತುಜಲದ ಹರಿವನ್ನು ಕುಗ್ಗಿಸಿದರು. ಎರಡು ಗಂಟೆಗೂ ಮೀರಿ ಸೋರಿಕೆ ನಡೆಯಿತು. ಸ್ಥಾವರದ ಗರ್ಭಭಾಗದ ಸುಮಾರು ಅರ್ಧವು ಕರಗಿತು.

‘ಕವಾಟವು ಮುಚ್ಚಿದೆಯೆಂದು ಖಚಿತಪಡಿಸಿಕೊಳ್ಳುವುದು’ ಎಂಬ ಒಂದೇ ಕಾರ್ಯವನ್ನು ವಿಶ್ಲೇಷಿಸಿದ್ದರೆ, ಅದಕ್ಕೆ ಬೇಕಾದ ಮಾಹಿತಿಯನ್ನು ದೀಪವು ಕೊಡುತ್ತಿಲ್ಲವೆಂಬುದು ಗೋಚರವಾಗುತ್ತಿತ್ತು. ಸೋರಿದ ನೀರು ಸೇರುವ ತೊಟ್ಟಿಯ ಒತ್ತಡಮಾಪಕವೇನೋ ಇತ್ತು. ಆದರೆ ಅದು ಫಲಕಗಳ ಹಿಂಬದಿಯಲ್ಲಿತ್ತು. ಕಾರ್ಯಗಳ ಪಟ್ಟಿ ಮಾತ್ರ ಇದ್ದಿದ್ದರೆ ‘ಮಾಪಕವುಂಟು’ ಎಂದು ತೃಪ್ತಿಪಡಬಹುದಾಗಿತ್ತು. ನೂರಕ್ಕೂ ಮಿಕ್ಕ ಎಚ್ಚರಿಕೆಗಳು ಒಮ್ಮೆಗೇ ಮೊಳಗುವಾಗ ಒಬ್ಬನು ಹಿಂಬದಿಗೆ ಹೋಗಿ ನೋಡುವನೇ ಎಂಬ ಪ್ರಶ್ನೆಯನ್ನು ಸನ್ನಿವೇಶನಿರೂಪಣೆಯೇ ಎತ್ತಬಲ್ಲುದು. ಆದಕಾರಣ ಇವೆರಡೂ ಪರಸ್ಪರ ಪೂರಕವಾದುವು.

ಊಹಿಸದ ಸಂಗತಿಯನ್ನು ಸನ್ನಿವೇಶದಲ್ಲಿ ಬರೆಯುವುದು ಹೇಗೆಂಬ ಆಕ್ಷೇಪವು ಸಹಜ. ಇಲ್ಲಿ ಇತಿಹಾಸವು ನೆರವಾಗಬಲ್ಲುದು. 1977ರ ಸೆಪ್ಟೆಂಬರಿನಲ್ಲಿ ಒಹಾಯೋದ ಡೇವಿಸ್-ಬೆಸ್ಸೆ ಕೇಂದ್ರದಲ್ಲಿ ಇಂಥದೇ ಕವಾಟವು ತೆರೆದು ಉಳಿದಿತ್ತು. ಅಲ್ಲಿಯೂ ತುರ್ತುಜಲವನ್ನು ಕುಗ್ಗಿಸಲಾಗಿತ್ತು. ಸ್ಥಾವರವು ಅಲ್ಪಶಕ್ತಿಯಲ್ಲಿ ನಡೆಯುತ್ತಿದ್ದುದರಿಂದಲೂ ಸುಮಾರು 20 ನಿಮಿಷಗಳಲ್ಲಿ ದೋಷವು ಪತ್ತೆಯಾದುದರಿಂದಲೂ ಅನಾಹುತವು ತಪ್ಪಿತು. ಆ ಅನುಭವದ ತಿಳಿವು ತ್ರೀ ಮೈಲ್ ಐಲೆಂಡಿನ ಸಿಬ್ಬಂದಿಯವರನ್ನು ಮುಟ್ಟಲಿಲ್ಲ. 1979ರ ದುರಂತದ ತರುವಾಯವೇ ಅಮೆರಿಕದ ಅಣುಕೇಂದ್ರಗಳ ನಿಯಂತ್ರಣ ಕೊಠಡಿಗಳನ್ನು ಕಾರ್ಯವಿಶ್ಲೇಷಣೆಯ ಮೂಲಕ ಪುನಃ ಪರಿಶೀಲಿಸಲಾಯಿತು. ನಡೆದುಹೋದ ಅವಘಡಗಳ ದಾಖಲೆಗಳನ್ನು ಸನ್ನಿವೇಶಗಳ ಮೊದಲ ಆಕರವೆಂದು ಭಾವಿಸುವುದು ಯುಕ್ತವೆಂದು ಇದರಿಂದ ವಿದಿತವಾಗುತ್ತದೆ.