ಬಣ್ಣದಲ್ಲಿ ಬರೆದ ಭೂಪತ್ರ

ಭೂಮಿಯ ಒಡೆತನವನ್ನು ಯಾವುದರಿಂದ ಸಾಧಿಸತಕ್ಕದ್ದು? ಹೀಗೆ ಕೇಳಿದರೆ ನಾವು ಕ್ರಯಪತ್ರವನ್ನೋ ದಾನಶಾಸನವನ್ನೋ ಕಂದಾಯದ ರಸೀತಿಯನ್ನೋ ಮುಂದಿಡುತ್ತೇವೆ. ಪತ್ರದಲ್ಲಿ ಚಕ್ಕುಬಂದಿಯಿರಬೇಕು, ರುಜುವಿರಬೇಕು, ಸಾಕ್ಷಿಗಳಿರಬೇಕು. ಆದರೆ ಬರವಣಿಗೆಯನ್ನೇ ಅವಲಂಬಿಸದೆ ಸಹಸ್ರಾರು ವರ್ಷ ಬಾಳಿದ ಜನರು ಏನನ್ನು ತೋರಿಸಬೇಕು? ಆಸ್ಟ್ರೇಲಿಯಾದ ಮೂಲನಿವಾಸಿಗಳು ಈ ಪ್ರಶ್ನೆಗೆ ಚಿತ್ರದಿಂದಲೇ ಉತ್ತರ ಕೊಟ್ಟರು. ಆ ಉತ್ತರದ ಸ್ವರೂಪವನ್ನು ನಾವು ಇಲ್ಲಿ ವಿವೇಚಿಸೋಣ.

ಆ ಖಂಡದ ಉತ್ತರದ ಅಂಚಿನಲ್ಲಿ ಆರ್ನ್‌ಹೆಮ್ ಲ್ಯಾಂಡ್ ಎಂಬ ಸೀಮೆಯಿದೆ. ಅದರ ಈಶಾನ್ಯ ಭಾಗದ ನಿವಾಸಿಗಳು ಯೋಲ್ಙು ಜನ. ಅವರು ಮಳೆಗಾಲದಲ್ಲಿ ನೀಲಗಿರಿ ಜಾತಿಯ ಮರದ ತೊಗಟೆಯನ್ನು ಸುಲಿದು, ಬೆಂಕಿಯಲ್ಲಿ ಕಾಯಿಸಿ, ಭಾರ ಹೇರಿ ಚಪ್ಪಟೆ ಮಾಡುತ್ತಾರೆ. ಕೆಮ್ಮಣ್ಣು, ಹಳದಿ ಮಣ್ಣು, ಬಿಳಿಯ ಜೇಡಿ, ಕಪ್ಪು, ಇವೇ ಅವರ ವರ್ಣಗಳು. ಮನುಷ್ಯರ ಕೂದಲಿನ ಸಣ್ಣ ಕುಂಚದಿಂದ ಒಂದನ್ನೊಂದು ಹಾಯುವ ನವುರಾದ ಗೆರೆಗಳನ್ನೆಳೆದು ತೊಗಟೆಯನ್ನು ತುಂಬುತ್ತಾರೆ.

ಈ ಹೆಣಿಗೆಯನ್ನು ಬರಿಯ ಅಲಂಕಾರವೆಂದೆಣಿಸಿದರೆ ನಾವು ತಪ್ಪುತ್ತೇವೆ. ಆದಿಯಲ್ಲಿ ನೆಲವನ್ನೂ ಜಲವನ್ನೂ ರೂಪಿಸಿದ ಪೂರ್ವಜಶಕ್ತಿಗಳೇ ಆಯಾ ಕುಲಕ್ಕೆ ಆಯಾ ವಿನ್ಯಾಸವನ್ನು ಕೊಟ್ಟರೆಂಬುದು ಅವರ ನಂಬಿಕೆ. ಒಂದು ವಿನ್ಯಾಸವು ಒಂದು ಕೊಲ್ಲಿಗೆ, ಒಂದು ಬುಗ್ಗೆಗೆ, ಒಂದು ಬಂಡೆಗೆ ಸೇರಿದ್ದು. ಅದನ್ನು ಬರೆಯುವ ಅಧಿಕಾರ ಹುಟ್ಟಿನಿಂದಲೂ ಹಿರಿಯರ ಅನುಮತಿಯಿಂದಲೂ ಬರತಕ್ಕದ್ದು. ಪರರ ನೆಲದ ಗುರುತನ್ನು ಬರೆಯುವುದು ಅಪರಾಧ. ಚಿತ್ರದ ಹೊರಗಿನ ಅರ್ಥವನ್ನು ಎಲ್ಲರಿಗೂ ಹೇಳಬಹುದು. ಒಳಗಿನ ಅರ್ಥ ದೀಕ್ಷೆ ಪಡೆದವರಿಗೆ ಮಾತ್ರ. ಆದಕಾರಣ ಚಿತ್ರವನ್ನು ಬರೆಯಬಲ್ಲವನು ಆ ನೆಲಕ್ಕೆ ಸಂಬಂಧಪಟ್ಟವನೆಂಬುದು ತಾನಾಗಿಯೇ ಸಿದ್ಧವಾಗುತ್ತದೆ.

1963ರಲ್ಲಿ ಈ ತತ್ತ್ವಕ್ಕೆ ಪರೀಕ್ಷೆ ಬಂದಿತು. ಅಲ್ಯೂಮಿನಿಯಮ್ಮಿನ ಮೂಲವಾದ ಬಾಕ್ಸೈಟ್ ಅದಿರಿಗಾಗಿ ಸರ್ಕಾರವು ಯೋಲ್ಙು ಜನರನ್ನು ಕೇಳದೆಯೇ ಅವರ ನೆಲದ ಒಂದು ಭಾಗವನ್ನು ಬೇರ್ಪಡಿಸಿತು. ಯಿರ್ಕಲಾ ಎಂಬ ಊರಿನ ಹಿರಿಯರು ಸಂಸತ್ತಿಗೆ ಅರ್ಜಿ ಬರೆದರು. ತಮ್ಮ ಭಾಷೆಯಲ್ಲಿಯೂ ಇಂಗ್ಲಿಷಿನಲ್ಲಿಯೂ ಬೆರಳಚ್ಚು ಮಾಡಿದ ಕಾಗದವನ್ನು ತೊಗಟೆಗೆ ಅಂಟಿಸಿ, ಸುತ್ತಲೂ ಕುಲದ ಚಿತ್ರಗಳನ್ನು ಬರೆದರು. ಅವರ ಸಮಾಜವು ಧುವಾ, ಯಿರಿಟ್ಜಾ ಎಂದು ಎರಡು ಪಾಲಾಗಿದೆ. ಒಂದು ತೊಗಟೆಗೆ ಧುವಾ ವಿನ್ಯಾಸ, ಇನ್ನೊಂದಕ್ಕೆ ಯಿರಿಟ್ಜಾ ವಿನ್ಯಾಸ. ಕಾಗದ ಅವರ ಬೇಡಿಕೆಯನ್ನು ಹೇಳಿತು. ಬೇಡಲು ಅವರಿಗಿದ್ದ ಅಧಿಕಾರವನ್ನು ಹೇಳಿದ್ದು ಅಂಚಿನ ಚಿತ್ರ.

ಸಂಸತ್ತು ಅರ್ಜಿಯನ್ನು ಸ್ವೀಕರಿಸಿತು, ಸಮಿತಿಯಿಂದ ವಿಚಾರಣೆಯನ್ನೂ ಮಾಡಿಸಿತು. ಗಣಿ ಮಾತ್ರ ನಿಲ್ಲಲಿಲ್ಲ. ವ್ಯಾಜ್ಯ ನ್ಯಾಯಾಲಯಕ್ಕೆ ಹೋಯಿತು. ಇವರಲ್ಲಿ ಕ್ರಮಬದ್ಧವಾದ ಕಟ್ಟಳೆಯುಂಟೆಂದು 1971ರಲ್ಲಿ ನ್ಯಾಯಾಧೀಶರು ಒಪ್ಪಿದರು. ಆದರೆ ಅದರಿಂದ ಭೂಮಿಯ ಹಕ್ಕು ಹುಟ್ಟದೆಂದು ತೀರ್ಪಿತ್ತರು. ಈ ಸೋಲೇ ಮುಂದಿನ ಹೋರಾಟಕ್ಕೆ ಬೀಜವಾಯಿತು. 1976ರಲ್ಲಿ ಉತ್ತರ ಪ್ರಾಂತ್ಯಕ್ಕೆ ಭೂಹಕ್ಕಿನ ಕಾಯಿದೆ ಬಂದಿತು. 1992ರಲ್ಲಿ ಮಾಬೋ ಮೊಕದ್ದಮೆಯಲ್ಲಿ ಅಲ್ಲಿನ ಉಚ್ಚ ನ್ಯಾಯಾಲಯವು ಬ್ರಿಟಿಷರು ಬಂದಾಗ ಆ ನೆಲ ಯಾರಿಗೂ ಸೇರದೆ ಇತ್ತೆಂಬ ವಾದವನ್ನು ತಳ್ಳಿಹಾಕಿತು.

ಹಕ್ಕನ್ನು ಒಪ್ಪಿದರೂ ಅದನ್ನು ರುಜುವಾತು ಮಾಡುವ ಹೊರೆ ಮೂಲನಿವಾಸಿಗಳ ಮೇಲೆಯೇ ಉಳಿಯಿತು. ಇದಕ್ಕೆ ಇನ್ನೊಂದು ನಿದರ್ಶನವನ್ನು ಪಶ್ಚಿಮ ಆಸ್ಟ್ರೇಲಿಯಾದ ಮಹಾ ಮರಳುಗಾಡಿನಿಂದ ಕೊಡಬಹುದು. ಅಲ್ಲಿನ ಙುರಾರ ಹಕ್ಕುದಾರರಿಗೆ ಇಂಗ್ಲಿಷಿನ ಕಾನೂನು ಭಾಷೆ ಒಗ್ಗಲಿಲ್ಲ. 1997ರಲ್ಲಿ ಅವರು ಎಂಟು ಮೀಟರ್ ಅಗಲ, ಹತ್ತು ಮೀಟರ್ ಉದ್ದದ ಬಟ್ಟೆಯನ್ನು ನೆಲದ ಮೇಲೆ ಹಾಸಿ, ಎಲ್ಲರೂ ಕೂಡಿ ತಮ್ಮ ನಾಡನ್ನು ಬರೆದರು. ಅವರಲ್ಲಿ ಅನೇಕರು ಮರಳುಗಾಡನ್ನು ಬಿಟ್ಟು ದಶಕಗಳೇ ಕಳೆದಿದ್ದವು. ನೆನಪೇ ಅವರ ಭೂಪಟ. ಎಂದೂ ಬತ್ತದ ನೀರಿನ ತಾಣಕ್ಕೆ ಅವರು ಜಿಲ ಎನ್ನುತ್ತಾರೆ. ಮರಳುಗಾಡಿನಲ್ಲಿ ಒಂದು ಜಿಲವನ್ನು ಮರೆತರೆ ಪ್ರಾಣಕ್ಕೇ ಸಂಚಕಾರವಷ್ಟೆ! ನ್ಯಾಯಮಂಡಲಿಯ ಎದುರಿನಲ್ಲಿ ಪ್ರತಿಯೊಬ್ಬರೂ ಚಿತ್ರದಲ್ಲಿ ತಮ್ಮ ನೀರಿನ ತಾಣದ ಮೇಲೆ ನಿಂತು, ತಮ್ಮ ಭಾಷೆಯಲ್ಲಿ ಅದರ ಕಥೆಯನ್ನು ಹೇಳಿದರು. ಹತ್ತು ವರ್ಷಗಳ ತರುವಾಯ, 2007ರಲ್ಲಿ, ಸುಮಾರು 77,000 ಚದರ ಕಿಲೋಮೀಟರ್ ಪ್ರದೇಶದಲ್ಲಿ ಅವರ ಹಕ್ಕು ಸ್ಥಿರಪಟ್ಟಿತು. ಬಣ್ಣ ಹಚ್ಚಿದ ಹಿರಿಯರಲ್ಲಿ ಅನೇಕರು ಆ ದಿನವನ್ನು ಕಾಣಲು ಉಳಿದಿರಲಿಲ್ಲ.

ಕಲೆಯಿಂದ ಪ್ರಯೋಜನವೇನೆಂದು ಕೇಳುವುದು ನಮ್ಮಲ್ಲಿ ವಾಡಿಕೆ. ಈ ಜನರಿಗೆ ಚಿತ್ರವು ಪಾಠಶಾಲೆ, ವಂಶಾವಳಿ, ಭೂಪಟ, ಪ್ರಮಾಣಪತ್ರ, ಎಲ್ಲವೂ ಒಂದೇ. ಯಿರ್ಕಲಾದ ತೊಗಟೆಗಳನ್ನು ಕ್ಯಾನ್ಬೆರಾದ ಸಂಸತ್ ಭವನದಲ್ಲಿ ಕಾಪಾಡಿಟ್ಟಿದ್ದಾರೆ. ಅವುಗಳ ಗೆರೆಗಳನ್ನು ಅಂದವೆಂದು ಮೆಚ್ಚುವುದು ಸುಲಭ. ಅವುಗಳನ್ನು ಪತ್ರವೆಂದು ಓದಿದಾಗಲೇ ಬರೆದವರಿಗೆ ನಾವು ನ್ಯಾಯ ಸಲ್ಲಿಸಿದಂತಾಗುತ್ತದೆ.