ವರ್ಷವಿಡೀ ಓಡಿಸಲು ಕನ್ವರ್ಟಿಬಲ್ ಕಾರು: ಕೊಳ್ಳುವ ಮುನ್ನ ತೂಗಿ ನೋಡಬೇಕಾದ ಸಂಗತಿಗಳು

ಎಳೆ ಬಿಸಿಲಿನ ದಿನ ಛಾವಣಿ ಮಡಚಿ, ಗಾಳಿಗೆ ಮುಖವೊಡ್ಡಿ ಕಾರು ಓಡಿಸುವ ಸುಖ ಯಾರಿಗೆ ಬೇಡ? ಆದರೆ ವರ್ಷದಲ್ಲಿ ಅಂತಹ ದಿನಗಳು ಎಷ್ಟು ದೊರೆಯುತ್ತವೆ ಎಂಬುದು ಬೇರೆಯೇ ಪ್ರಶ್ನೆ. ಉಳಿದ ದಿನಗಳಲ್ಲಿ ಅದೇ ಕಾರು ಮಳೆಯಲ್ಲಿ ಕಚೇರಿಗೆ ಹೋಗಬೇಕು, ದಿನಸಿ ಸಾಮಾನು ಹೊರಬೇಕು, ರಾತ್ರಿಯಿಡೀ ಬೀದಿಯಲ್ಲಿ ನಿಲ್ಲಬೇಕು. ಮನೆಯಲ್ಲಿ ಇನ್ನೊಂದು ಕಾರಿದ್ದು ಇದನ್ನು ಹವ್ಯಾಸಕ್ಕೆ ಕೊಳ್ಳುವುದು ಒಂದು ಮಾತು. ಇರುವ ಒಂದೇ ಕಾರು ಇದೇ ಆಗಬೇಕೆಂದರೆ ಅದು ಮತ್ತೊಂದು ಮಾತು.

ಸೋಜಿಗವೆಂದರೆ, ಮೋಡ ಮುಸುಕಿದ ಬ್ರಿಟನ್ನಿನಲ್ಲಿ ಇಂತಹ ಕಾರುಗಳಿಗೆ ಬಹುಕಾಲದಿಂದ ಒಳ್ಳೆಯ ಬೇಡಿಕೆಯಿದೆ. ವೈದ್ಯಕೀಯ, ಸಾಫ್ಟ್‌ವೇರ್ ಉದ್ಯೋಗಗಳಿಗಾಗಿ ಅಲ್ಲಿ ನೆಲೆಸಿರುವ ಕನ್ನಡಿಗರಿಗೂ ಈ ಆಸೆ ದೂರದ್ದಲ್ಲ. ಬಳಸಿದ ಕನ್ವರ್ಟಿಬಲ್ ಅಲ್ಲಿ ಮಧ್ಯಮ ವರ್ಗದ ಕೈಗೆ ಎಟುಕುವ ವಸ್ತು. ಆದ್ದರಿಂದ ಮೊದಲು ಬ್ರಿಟನ್ನಿನ ಪರಿಸ್ಥಿತಿಯನ್ನೇ ಉದಾಹರಣೆಯಾಗಿಟ್ಟುಕೊಂಡು, ಕೊನೆಯಲ್ಲಿ ನಮ್ಮ ನಾಡಿನ ವಿಚಾರಕ್ಕೆ ಬರೋಣ.

ಬಟ್ಟೆಯೋ, ಲೋಹವೋ?

ಮಡಚುವ ಛಾವಣಿಯಲ್ಲಿ ಎರಡು ಬಗೆ: ಬಟ್ಟೆಯದು ಮತ್ತು ಲೋಹದ್ದು. ಲೋಹದ ಛಾವಣಿ ಹೊಸ ಸಂಗತಿಯೇನಲ್ಲ. ಫ್ರಾನ್ಸಿನ ಪ್ಯೂಜೊ ಕಂಪನಿ 1934ರಲ್ಲೇ ಅಂತಹ ಕಾರನ್ನು ತಂದಿತ್ತು. ಅಮೆರಿಕದ ಫೋರ್ಡ್ 1957ರಲ್ಲಿ ಸ್ಕೈಲೈನರ್ ಮಾದರಿಯನ್ನು ಮಾರಿತು. 1996ರಲ್ಲಿ ಮರ್ಸಿಡಿಸ್ ಎಸ್‌ಎಲ್‌ಕೆ ಬಂದ ಮೇಲೆ ಈ ಬಗೆ ಮತ್ತೆ ಜನಪ್ರಿಯವಾಯಿತು. ಬಟ್ಟೆಯ ಛಾವಣಿಯ ಕಾಲ ಮುಗಿಯಿತೆಂದೇ ಆಗ ಅನೇಕರು ಭಾವಿಸಿದ್ದರು.

ಆದರೆ ನಡೆದದ್ದು ಬೇರೆ. ಬಿಎಂಡಬ್ಲ್ಯು ಝಡ್4 ಕಾರಿನ 2009ರ ಮಾದರಿಗೆ ಲೋಹದ ಛಾವಣಿಯಿತ್ತು. ಛಾವಣಿ ಮುಚ್ಚಿದ್ದಾಗ 310 ಲೀಟರಿನಷ್ಟಿದ್ದ ಡಿಕ್ಕಿ, ತೆರೆದಾಗ 180 ಲೀಟರಿಗೆ ಕುಗ್ಗುತ್ತಿತ್ತು. 2018ರ ಮಾದರಿಯಲ್ಲಿ ಕಂಪನಿ ಬಟ್ಟೆಗೆ ಮರಳಿತು; ಛಾವಣಿ ತೆರೆದಿರಲಿ ಮುಚ್ಚಿರಲಿ, ಡಿಕ್ಕಿಯ ಅಳತೆ 281 ಲೀಟರ್. 2001ರಲ್ಲಿ ಲೋಹಕ್ಕೆ ಹೋಗಿದ್ದ ಮರ್ಸಿಡಿಸ್ ಎಸ್‌ಎಲ್ ಸಹ 2021ರಲ್ಲಿ ಬಟ್ಟೆಗೆ ಹಿಂದಿರುಗಿತು. ಲೋಹದ ಹಾಳೆಗಳಿಗೆ ತೂಕ ಹೆಚ್ಚು, ಮಡಚಿದರೂ ಜಾಗ ಹೆಚ್ಚು ಬೇಕು. ಕೀಲು, ಮೋಟಾರು, ರಬ್ಬರು ಪಟ್ಟಿಗಳ ಸಂಖ್ಯೆಯೂ ಹೆಚ್ಚುವುದರಿಂದ ಕೆಡುವ ಭಾಗಗಳೂ ಹೆಚ್ಚುತ್ತವೆ.

ಇಂದಿನ ಬಟ್ಟೆಯ ಛಾವಣಿ ಹಳೆಯ ಜೀಪಿನ ಟಾರ್ಪಾಲಿನಂತಲ್ಲ. ಹೊರಗೆ ನೇಯ್ದ ಬಟ್ಟೆ, ನಡುವೆ ರಬ್ಬರಿನ ಪದರ, ಒಳಗೆ ಅಸ್ತರಿ ಹೀಗೆ ಹಲವು ಪದರಗಳಿರುತ್ತವೆ. ಹಿಂಬದಿಯ ಕಿಟಕಿಗೆ ಮಂಜು ಕರಗಿಸುವ ತಂತಿಗಳುಳ್ಳ ಗಾಜು ಇರುತ್ತದೆ. ತೀರಾ ಹಳೆಯ ಕಾರು ಕೊಳ್ಳುವವರು ಮಾತ್ರ ಪ್ಲಾಸ್ಟಿಕ್ ಕಿಟಕಿಯ ಬಗ್ಗೆ ಎಚ್ಚರ ವಹಿಸಬೇಕು. ಅದು ಬಿಸಿಲಿಗೆ ಹಳದಿಯಾಗುತ್ತದೆ, ಚಳಿಯಲ್ಲಿ ಮಡಚಿದರೆ ಸೀಳುತ್ತದೆ.

ಲೋಹಕ್ಕೂ ತನ್ನದೇ ಆದ ಹೆಚ್ಚುಗಾರಿಕೆಯಿದೆ. ಹೆದ್ದಾರಿಯಲ್ಲಿ ಸದ್ದು ಕಡಿಮೆ. ಕಳ್ಳನ ಚಾಕುವಿಗೆ ಅದು ಸುಲಭವಾಗಿ ಬಗ್ಗದು. ಕಾರು ರಾತ್ರಿ ನಿಲ್ಲುವುದು ಬೀದಿಯಲ್ಲೋ ಬೀಗವಿರುವ ಗ್ಯಾರೇಜಿನಲ್ಲೋ ಎಂಬುದರ ಮೇಲೆ ಈ ಆಯ್ಕೆ ಬಹುಪಾಲು ನಿಂತಿದೆ.

ಚಳಿಯಲ್ಲ, ತೇವವೇ ಶತ್ರು

ಚಳಿಗಾಲದಲ್ಲಿ ತೆರೆದ ಕಾರು ನಿರುಪಯೋಗಿ ಎಂಬುದು ಸಾಮಾನ್ಯ ನಂಬಿಕೆ. ಅದು ಪೂರ್ಣ ನಿಜವಲ್ಲ. ಒಳಗಿನ ಜಾಗ ಚಿಕ್ಕದಾದ್ದರಿಂದ ಹೀಟರು ಬೇಗನೆ ಬೆಚ್ಚಗಾಗಿಸುತ್ತದೆ. ಕಾರು ಓಡುವಾಗ ಗಾಳಿ ಮುಂಗಾಜಿನ ಮೇಲಿಂದ ಹಾಯ್ದು, ಹಿಂದಿನಿಂದ ಸುರುಳಿಯಾಗಿ ತಿರುಗಿ ಕತ್ತಿಗೆ ಬಡಿಯುತ್ತದೆ. ಆಸನಗಳ ಹಿಂದೆ ಗಾಳಿತಡೆ ಪರದೆ ಇಟ್ಟರೆ ಈ ತೊಂದರೆ ಬಹಳ ಮಟ್ಟಿಗೆ ತಗ್ಗುತ್ತದೆ. 2004ರ ಎಸ್‌ಎಲ್‌ಕೆ ಕಾರಿನಲ್ಲಿ ಮರ್ಸಿಡಿಸ್ ಕಂಪನಿ ಕುತ್ತಿಗೆಗೆ ಬಿಸಿ ಗಾಳಿ ಊದುವ ವ್ಯವಸ್ಥೆಯನ್ನೇ ಆಸನದಲ್ಲಿ ಅಳವಡಿಸಿತು. ಪಕ್ಕದ ಗಾಜುಗಳನ್ನು ಏರಿಸಿ, ಕಾಲಿಗೆ ಹೀಟರು ಹಾಕಿಕೊಂಡರೆ ಒಣ ಚಳಿಯ ದಿನವೂ ಹಿತವೇ.

ನಿಜವಾದ ಅಡ್ಡಿಗಳು ಬೇರೆ. ಮೊದಲನೆಯದು ಕತ್ತಲೆ. ಡಿಸೆಂಬರಿನಲ್ಲಿ ಲಂಡನ್ನಿನ ಸೂರ್ಯ ಸಂಜೆ 4 ಗಂಟೆಗೆ ಮೊದಲೇ ಮುಳುಗುತ್ತಾನೆ. ಕಚೇರಿಗೆ ಹೋಗಿಬರುವವನಿಗೆ ವಾರದ ದಿನಗಳಲ್ಲಿ ಛಾವಣಿ ತೆರೆಯುವ ಅವಕಾಶವೇ ಅಪರೂಪ.

ಎರಡನೆಯದು ತೇವ. ಲಂಡನ್ನಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿ.ಮೀ.; ಇದು ಬೆಂಗಳೂರಿನ ಮಳೆಗಿಂತ ಕಡಿಮೆ! ಆದರೆ ಅಲ್ಲಿ ಅದು ವರ್ಷದುದ್ದಕ್ಕೂ ಹನಿಹನಿಯಾಗಿ ಬೀಳುತ್ತದೆ. ಬಟ್ಟೆ ಸದಾ ಒದ್ದೆಯಾಗಿರುತ್ತದೆ. ಒದ್ದೆ ಛಾವಣಿಯನ್ನು ಮಡಚಿ ಹಾಗೆಯೇ ಬಿಟ್ಟರೆ ಬೂಷ್ಟು ಹಿಡಿಯುವುದು ಖಂಡಿತ. ಮರದಡಿ ನಿಲ್ಲಿಸಿದ ಕಾರಿನ ಬಟ್ಟೆಯ ಮೇಲೆ ಪಾಚಿಯೂ ಬೆಳೆಯುತ್ತದೆ. ಮೆದು ಕುಂಚದಿಂದ ತೊಳೆದು, ನೀರು ತಡೆಯುವ ದ್ರಾವಣವನ್ನು ಆಗಾಗ್ಗೆ ಹಚ್ಚುವುದು ಅನಿವಾರ್ಯ. ರಭಸದ ನೀರಿನ ಯಂತ್ರವನ್ನು ಬಟ್ಟೆಯ ಹತ್ತಿರ ಹಿಡಿಯಬಾರದು.

ಮೂರನೆಯದು ಹಿಮ. ಇಂತಹ ಅನೇಕ ಕಾರುಗಳ ಬಾಗಿಲಿನ ಗಾಜಿಗೆ ಚೌಕಟ್ಟು ಇರುವುದಿಲ್ಲ. ಹಿಡಿ ಎಳೆದಾಗ ಗಾಜು ತುಸು ಕೆಳಗಿಳಿದು ಬಾಗಿಲಿಗೆ ದಾರಿ ಬಿಡುತ್ತದೆ. ಗಾಜು ರಬ್ಬರಿಗೆ ಹೆಪ್ಪುಗಟ್ಟಿ ಅಂಟಿದಾಗ ಬಲವಂತ ಮಾಡಿದರೆ ರಬ್ಬರು ಹರಿಯುತ್ತದೆ ಇಲ್ಲವೆ ಮೋಟಾರು ಕೆಡುತ್ತದೆ. ಹೆಪ್ಪುಗಟ್ಟಿದ ಛಾವಣಿಯನ್ನಂತೂ ತೆರೆಯಲೇಬಾರದು.

ಟಯರುಗಳ ಮಾತೂ ಇಲ್ಲಿ ಬರುತ್ತದೆ. ಉಷ್ಣಾಂಶ ಸುಮಾರು 7 ಡಿಗ್ರಿಗಿಂತ ಕೆಳಗಿಳಿದಾಗ ಬೇಸಿಗೆಯ ಟಯರಿನ ರಬ್ಬರು ಗಡುಸಾಗಿ ಹಿಡಿತ ತಗ್ಗುತ್ತದೆ. ಬ್ರಿಟನ್ನಿನಲ್ಲಿ ಚಳಿಗಾಲದ ಟಯರು ಕಡ್ಡಾಯವಲ್ಲ. ಆದರೂ ಹಿಂಗಾಲಿಗೆ ಎಂಜಿನ್ನಿನ ಶಕ್ತಿ ಹೋಗುವ ಹಗುರ ಕಾರನ್ನು ವರ್ಷವಿಡೀ ಓಡಿಸುವವರು ಸರ್ವಋತು ಟಯರುಗಳನ್ನಾದರೂ ಹಾಕಿಸಿಕೊಳ್ಳುವುದು ವಿವೇಕ.

ನೀರು ಇಳಿಯುವ ದಾರಿ ನೋಡಿ

ಛಾವಣಿಯ ಅಂಚಿನಲ್ಲಿ ಸೇರುವ ಮಳೆನೀರು ಆಸನಗಳ ಹಿಂದಿನ ಕಾಲುವೆಗಳ ಮೂಲಕ ಹರಿದು, ಕೊಳವೆಗಳಲ್ಲಿ ಇಳಿದು, ಕಾರಿನ ತಳದಿಂದ ಹೊರಬೀಳುತ್ತದೆ. ತರಗೆಲೆ, ಮಣ್ಣು ಸೇರಿ ಈ ಕೊಳವೆ ಕಟ್ಟಿಕೊಂಡರೆ ನೀರು ಒಳಗೆ ಉಕ್ಕುತ್ತದೆ. ಮಾಲೀಕನಿಗೆ ಮೊದಲು ಕಾಣುವುದು ಒದ್ದೆಯಾದ ನೆಲಹಾಸು. ಕಾಣದಿರುವುದು ಅದಕ್ಕಿಂತ ಅಪಾಯಕಾರಿ.

ಮಾಜ್ದಾ ಎಂಎಕ್ಸ್-5 ಇದಕ್ಕೆ ಒಳ್ಳೆಯ ನಿದರ್ಶನ. 1989ರಲ್ಲಿ ಷಿಕಾಗೋ ಪ್ರದರ್ಶನದಲ್ಲಿ ಅನಾವರಣಗೊಂಡ ಈ ಜಪಾನೀ ಕಾರು, 2016ರ ಹೊತ್ತಿಗೆ 10 ಲಕ್ಷದ ಸಂಖ್ಯೆಯನ್ನು ಮುಟ್ಟಿತು. ಎರಡು ಆಸನಗಳ ಕ್ರೀಡಾ ಕಾರುಗಳಲ್ಲಿ ಅತ್ಯಧಿಕ ಮಾರಾಟದ ದಾಖಲೆ ಇದರದ್ದೇ. ಎಂಜಿನ್ ಗಟ್ಟಿಮುಟ್ಟು. ಆದರೆ ಇದರ ಮೊದಲ ಎರಡು ಪೀಳಿಗೆಯ ಕಾರುಗಳಲ್ಲಿ ಬಾಗಿಲಿನ ಕೆಳಗಿನ ಹೊಸ್ತಿಲು ಭಾಗ, ಅದರಲ್ಲೂ ಹಿಂಗಾಲಿನ ಬಳಿ, ಒಳಗಿನಿಂದ ತುಕ್ಕು ಹಿಡಿಯುವುದು ಸರ್ವವಿದಿತ. ಕಟ್ಟಿಕೊಂಡ ನೀರು ಒಂದು ಕಡೆ, ಹಿಮ ಕರಗಿಸಲು ರಸ್ತೆಗೆ ಚೆಲ್ಲುವ ಉಪ್ಪು ಇನ್ನೊಂದು ಕಡೆ.

ಮಾಮೂಲಿ ಕಾರಿಗಿಂತ ಇಲ್ಲಿ ಈ ತುಕ್ಕು ಗಂಭೀರ. ಛಾವಣಿಯೂ ಕಾರಿನ ಅಸ್ಥಿಪಂಜರದ ಒಂದು ಭಾಗ. ಅದನ್ನು ತೆಗೆದಾಗ ಒಡಲು ತಿರುಚುವುದನ್ನು ತಡೆಯುವ ಹೊಣೆ ನೆಲಗಟ್ಟು ಮತ್ತು ಹೊಸ್ತಿಲುಗಳ ಮೇಲೆ ಬೀಳುತ್ತದೆ. ಅವೇ ಟೊಳ್ಳಾದರೆ ಉಳಿಯುವುದೇನು? ಇಂಗ್ಲೆಂಡಿನಲ್ಲಿ 3 ವರ್ಷ ತುಂಬಿದ ಕಾರಿಗೆ ಪ್ರತಿವರ್ಷ ನಡೆಯುವ ಎಂಒಟಿ ಪರೀಕ್ಷೆಯಲ್ಲಿ ಇಂತಹ ತುಕ್ಕಿಗೆ ಕ್ಷಮೆಯಿಲ್ಲ. ಬೆಸುಗೆ ಹಾಕಿಸಿದ ಮೇಲೆಯೇ ಪ್ರಮಾಣಪತ್ರ.

ಮನೆಮಂದಿಯ ಲೆಕ್ಕ

ಕಾರು ಮಗುಚಿದರೆ ಗತಿಯೇನು ಎಂಬ ಭಯ ಸಹಜ. ಹೊಸ ಕಾರುಗಳಲ್ಲಿ ಮುಂಗಾಜಿನ ಕಂಬಗಳು ಬಲಿಷ್ಠವಾಗಿರುತ್ತವೆ. ಆಸನಗಳ ಹಿಂದೆ ರಕ್ಷಣಾ ಕಮಾನುಗಳಿರುತ್ತವೆ. 1989ರ ಮರ್ಸಿಡಿಸ್ ಎಸ್‌ಎಲ್ ಕಾರಿನಲ್ಲಿ ಅಪಾಯದ ಕ್ಷಣದಲ್ಲಿ ತಾನಾಗಿ ಮೇಲೇಳುವ ಕಮಾನು ಬಂತು. ಆದರೆ ಸೀಟ್ ಬೆಲ್ಟ್ ಧರಿಸದವನನ್ನು ಯಾವ ಕಮಾನೂ ಕಾಪಾಡದು.

ಸ್ಥಳಾವಕಾಶದ ಪ್ರಶ್ನೆಯನ್ನು ಮನೆಯವರೊಡನೆ ಕುಳಿತು ಬಿಡಿಸಬೇಕು. 2015ರಲ್ಲಿ ಬಂದ ಎಂಎಕ್ಸ್-5 ಕಾರಿನ ಡಿಕ್ಕಿ 130 ಲೀಟರ್; ಎರಡು ಮೆದು ಚೀಲಗಳಿಗೆ ಸಾಕು. ಇರುವುದು ಎರಡೇ ಆಸನ. ಹಿಮ್ಮುಖದ ಶಿಶು ಆಸನವನ್ನು ಮುಂದಿಡಬೇಕೆಂದರೆ ಏರ್‌ಬ್ಯಾಗ್ ನಿಷ್ಕ್ರಿಯಗೊಳಿಸಲು ಅವಕಾಶವಿರಲೇಬೇಕು. ಮಿನಿ ಕನ್ವರ್ಟಿಬಲ್‌ನಂತಹ ಕಾರಿನಲ್ಲಿ ನಾಲ್ಕು ಆಸನಗಳಿದ್ದರೂ ಹಿಂದೆ ದೊಡ್ಡವರು ದೂರ ಪ್ರಯಾಣ ಮಾಡುವುದು ಕಷ್ಟ. ಊರಿನಿಂದ ತಂದೆತಾಯಿ ಬಂದಾಗ ವಿಮಾನ ನಿಲ್ದಾಣಕ್ಕೆ ಯಾವ ಕಾರು ಒಯ್ಯುವುದು? ಈ ಪ್ರಶ್ನೆಗೆ ಉತ್ತರ ಸಿಕ್ಕರೆ ಅರ್ಧ ನಿರ್ಧಾರವಾದಂತೆ.

ಇನ್ನು ಖರ್ಚು. ವಿದ್ಯುತ್ ಅಥವಾ ಹೈಡ್ರಾಲಿಕ್ ಛಾವಣಿಯ ದುರಸ್ತಿ ದುಬಾರಿ. ಕೈಯಿಂದ ಮಡಚುವ ಛಾವಣಿಯಲ್ಲಿ ಕೆಡುವುದು ಕಡಿಮೆ. ಬಟ್ಟೆ ಬದಲಿಸುವ ಖರ್ಚನ್ನು ಹಳೆಯ ಕಾರಿನ ಬೆಲೆಯಲ್ಲೇ ಕಳೆದು ಚೌಕಾಸಿ ಮಾಡಬೇಕು.

ನಮ್ಮ ನಾಡಿನಲ್ಲಾದರೆ?

ಇಲ್ಲಿ ಹಿಮವಿಲ್ಲ, ಉಪ್ಪಿಲ್ಲ. ಬಿಸಿಲು, ಧೂಳು, ಮುಂಗಾರು ಇವೆ. ಸಮುದ್ರಮಟ್ಟದಿಂದ 900 ಮೀಟರ್‌ಗೂ ಎತ್ತರದಲ್ಲಿರುವ ಬೆಂಗಳೂರಿನ ಹವೆ ತೆರೆದ ಕಾರಿಗೆ ಹೇಳಿ ಮಾಡಿಸಿದಂತಿದೆ ಎನ್ನಬಹುದು. ಆದರೆ ಮಾರ್ಚ್‌ನಿಂದ ಮೇ ವರೆಗಿನ ನಡುಹಗಲು ನೆತ್ತಿ ಸುಡುತ್ತದೆ. ವಾಹನ ದಟ್ಟಣೆಯಲ್ಲಿ ಬಸ್ಸು, ಲಾರಿಗಳ ಹೊಗೆ ನೇರ ಮುಖಕ್ಕೇ ಬರುತ್ತದೆ. ಸೆಪ್ಟೆಂಬರ್, ಅಕ್ಟೋಬರ್ ಸಂಜೆಗಳ ಮಳೆ ಹೇಳಿಕೇಳಿ ಬರುವುದಿಲ್ಲ. ಆಗ ನಿಧಾನವಾಗಿ ಚಲಿಸುತ್ತಲೇ ಮುಚ್ಚಬಲ್ಲ ಛಾವಣಿ ವರದಾನ. ನಿಜವಾದ ಸುಖವಿರುವುದು ನವೆಂಬರಿನಿಂದ ಫೆಬ್ರವರಿಯವರೆಗಿನ ಮುಂಜಾವುಗಳಲ್ಲಿ.

ಮಂಗಳೂರಿನಲ್ಲಿ ವರ್ಷಕ್ಕೆ 3,000 ಮಿ.ಮೀ. ಮೀರಿ ಸುರಿಯುವ ಮಳೆಯ ಬಹುಪಾಲು ಜೂನ್-ಸೆಪ್ಟೆಂಬರ್ ಅವಧಿಯದು. ಆ ನಾಲ್ಕು ತಿಂಗಳು ಛಾವಣಿ ಮುಚ್ಚಿಯೇ ಇರಬೇಕು. ಒಳಗೆ ಬೂಷ್ಟು ಬಾರದಂತೆ ಕಾಯುವುದೇ ಕೆಲಸ. ಕಲಬುರಗಿಯ ಬೇಸಿಗೆಯಲ್ಲಿ ಪಾದರಸ 40 ಡಿಗ್ರಿ ದಾಟುತ್ತದೆ. ಅಲ್ಲಿ ತೆರೆದ ಕಾರು ರಾತ್ರಿಯ ವಾಹನ.

ಬೆಲೆಯ ವಿಚಾರದಲ್ಲಿ ಎರಡು ದೇಶಗಳಿಗೂ ಅಜಗಜಾಂತರ. ಎಂಎಕ್ಸ್-5 ಭಾರತದಲ್ಲಿ ಅಧಿಕೃತವಾಗಿ ಮಾರಾಟವಾಗಿಲ್ಲ. ಇಲ್ಲಿ ದೊರೆಯುವ ಕನ್ವರ್ಟಿಬಲ್‌ಗಳು ಬಹುತೇಕ ಆಮದಾದವು. ಸುಂಕ, ತೆರಿಗೆ, ಅದರ ಮೇಲೆ ರಾಜ್ಯದ ಜೀವಿತಾವಧಿ ರಸ್ತೆ ತೆರಿಗೆ ಸೇರಿ ಬೆಲೆ ಗಗನಕ್ಕೇರುತ್ತದೆ. ಮಹೀಂದ್ರ ಥಾರ್ ಜೀಪಿನ 2020ರ ಮಾದರಿಯಲ್ಲಿ ಮಡಚುವ ಬಟ್ಟೆಯ ಛಾವಣಿಯ ಆಯ್ಕೆಯಿತ್ತು. ಬಳಸಿದ ವಾಹನ ಕೊಳ್ಳುವವರಿಗೆ ಅದೊಂದು ಅಗ್ಗದ ದಾರಿ. ನೆಲಮಟ್ಟದ ಕ್ರೀಡಾ ಕಾರಿಗೆ ನಮ್ಮ ರಸ್ತೆ ಉಬ್ಬುಗಳು ಒಡ್ಡುವ ಸಂಕಟವೂ ಅದಕ್ಕಿಲ್ಲ.

ಕೊಳ್ಳುವ ಮುನ್ನ

ಇಷ್ಟನ್ನು ತಪ್ಪದೆ ಪರೀಕ್ಷಿಸಿ:

* ಛಾವಣಿಯನ್ನು ಎರಡು-ಮೂರು ಬಾರಿ ತೆರೆದು ಮುಚ್ಚಿಸಿ ನೋಡಿ. ಮಡಿಕೆಗಳಲ್ಲಿ ಸವೆತವಿದೆಯೇ ಗಮನಿಸಿ.
* ನೆಲಹಾಸಿನಡಿ, ಡಿಕ್ಕಿಯ ತಳದಲ್ಲಿ ಕೈಯಾಡಿಸಿ. ತೇವ, ಬೂಷ್ಟಿನ ವಾಸನೆ ಇದ್ದರೆ ದೂರವಿರಿ.
* ಕಾರನ್ನು ಎತ್ತರಿಸಿ ಹೊಸ್ತಿಲುಗಳ ಅಡಿಭಾಗ ನೋಡಿ.
* ಒರಟು ರಸ್ತೆಯಲ್ಲಿ ಓಡಿಸಿ. ಮುಂಗಾಜಿನ ಚೌಕಟ್ಟು ಅದುರುತ್ತದೆಯೇ ಪರಿಶೀಲಿಸಿ.
* ಛಾವಣಿ ಮುಚ್ಚಿಕೊಂಡು ಹೆದ್ದಾರಿಯಲ್ಲಿ ಅರ್ಧ ಗಂಟೆ ಓಡಿಸಿ. ವರ್ಷದ ಬಹುಪಾಲು ನಿಮ್ಮ ಅನುಭವ ಅದೇ.

ನಿತ್ಯ ಇಬ್ಬರೊಳಗೆ ಪ್ರಯಾಣ, ರಾತ್ರಿ ನೆರಳಿನ ನಿಲುಗಡೆ, ತಿಂಗಳಿಗೊಮ್ಮೆ ಕೊಳವೆ ಶುಚಿಗೊಳಿಸುವ ತಾಳ್ಮೆ ಇವು ಮೂರೂ ಇದ್ದವರು ಬ್ರಿಟನ್ನಿನಲ್ಲಾಗಲಿ ಬೆಂಗಳೂರಿನಲ್ಲಾಗಲಿ ಈ ಕಾರನ್ನು ಧೈರ್ಯವಾಗಿ ಕೊಳ್ಳಬಹುದು. ಮೂರರಲ್ಲಿ ಒಂದಿಲ್ಲದಿದ್ದರೂ ಎರಡನೆಯ ಕಾರಿನ ಅನುಕೂಲವಾಗುವವರೆಗೆ ಕಾಯುವುದು ಲೇಸು. ಸಂದೇಹ ಉಳಿದರೆ ಒಂದು ವಾರ ಬಾಡಿಗೆಗೆ ಪಡೆದು ಓಡಿಸಿ ನೋಡಿ. ಬಾಡಿಗೆಗೆ ಪಡೆಯುವುದು ಮಾತ್ರ ಹಿತವಾದ ಋತುವಿನಲ್ಲಲ್ಲ. ಅಲ್ಲಿ ಜನವರಿಯಲ್ಲಿ, ಇಲ್ಲಿ ಜುಲೈನಲ್ಲಿ.